ಸ್ಪ್ಯಾನಿಷ್ ಭಾಷಿಕರಿಗೆ ಇಂಗ್ಲಿಷ್‌ನಲ್ಲಿ ಉದ್ದೇಶ ಹೇಳಲು ಕಲಿಸುವುದು ಹೇಗೆ?

‘ಐ ಆ್ಯಮ್ ಕಾಲಿಂಗ್ ಫಾರ್ ಮೇಕ್ ಆ್ಯನ್ ಅಪಾಯಿಂಟ್‌ಮೆಂಟ್.’ ಮೆಕ್ಸಿಕೊ, ಗ್ವಾಟೆಮಾಲಾ, ಕೊಲಂಬಿಯಾಗಳಿಂದ ಅಮೆರಿಕಕ್ಕೆ ಬಂದು ನೆಲೆಸಿದವರಿಗೆ ಇಂಗ್ಲಿಷ್ ಹೇಳಿಕೊಡಲು ಕುಳಿತರೆ ಇಂಥ ವಾಕ್ಯ ಬಹುಬೇಗ ಕಿವಿಗೆ ಬೀಳುತ್ತದೆ. ‘ಫಾರ್ ಮೇಕ್’ ಎಂದಿರುವಲ್ಲಿ ‘ಟು ಮೇಕ್’ ಬರಬೇಕಿತ್ತು. ಆಸ್ಪತ್ರೆಗೆ ಫೋನ್ ಮಾಡಿ ಹೀಗೆ ಹೇಳಿದರೆ ಆ ಕಡೆಯವರಿಗೆ ಅರ್ಥವಾಗುತ್ತದೆ, ಕೆಲಸವೂ ಆಗುತ್ತದೆ. ತೊಂದರೆ ಇರುವುದು ಅಲ್ಲಿಯೇ. ಅರ್ಥವಾಗುತ್ತದೆ ಎಂಬ ಕಾರಣಕ್ಕೆ ಯಾರೂ ತಿದ್ದುವುದಿಲ್ಲ; ತಿದ್ದದ ಕಾರಣಕ್ಕೆ ಅದು ವರ್ಷಗಟ್ಟಲೆ ನಾಲಗೆಯಲ್ಲಿ ಉಳಿಯುತ್ತದೆ; ಕೊನೆಗೆ ಕೆಲಸದ ಸಂದರ್ಶನದಲ್ಲೋ ಮಕ್ಕಳ ಶಾಲೆಗೆ ಬರೆಯುವ ಪತ್ರದಲ್ಲೋ ಎದ್ದು ಕಾಣುತ್ತದೆ.

ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಯಸ್ಕರಿಗಾಗಿ ನಡೆಯುವ ಉಚಿತ ತರಗತಿಗಳಲ್ಲಿ ಸ್ವಯಂಸೇವಕರಾಗಿ ಪಾಠ ಹೇಳುವ ಕನ್ನಡಿಗರಿಗೆ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಆನ್‌ಲೈನ್‌ನಲ್ಲಿ ಕಲಿಸುವವರಿಗೆ, ಸ್ಪ್ಯಾನಿಷ್ ಮಾತಾಡುವ ಸಹೋದ್ಯೋಗಿಗೆ ನೆರವಾಗಬಯಸುವವರಿಗೆ ಈ ಬರಹ. ಈ ಪಾಠದ ಮಟ್ಟಿಗೆ ಇಂಗ್ಲಿಷ್ ಮಾತ್ರ ಬಲ್ಲ ಶಿಕ್ಷಕರಿಗಿಂತ ಕನ್ನಡ ಬಲ್ಲವರಿಗೆ ಹೆಚ್ಚಿನ ಅನುಕೂಲವಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಏಕೆಂದರೆ ಸ್ಪ್ಯಾನಿಷ್ ಉದ್ದೇಶ ಹೇಳುವ ರೂಪವನ್ನು ಎಲ್ಲಿ ಎರಡಾಗಿ ಒಡೆಯುತ್ತದೆಯೋ ಕನ್ನಡವೂ ಬಹುಮಟ್ಟಿಗೆ ಅಲ್ಲಿಯೇ ಒಡೆಯುತ್ತದೆ.

ಮೊದಲು ಅವರ ‘ಪಾರಾ’ವನ್ನು ಅರಿಯಿರಿ

ಸ್ಪ್ಯಾನಿಷ್‌ನಲ್ಲಿ ಉದ್ದೇಶ ಹೇಳುವ ಭಾರದ ಬಹುಪಾಲನ್ನು ‘ಪಾರಾ’ ಎಂಬ ಒಂದೇ ಪದ ಹೊರುತ್ತದೆ. ‘ಪಾರಾ ಮಿ ಮಾದ್ರೆ’ ಎಂದರೆ ನನ್ನ ತಾಯಿಗಾಗಿ. ‘ಪಾರಾ ಅಪ್ರೆಂದೆರ್’ ಎಂದರೆ ಕಲಿಯುವುದಕ್ಕೆ. ‘ಪಾರಾ ಕೆ ಅಪ್ರೆಂದಾ’ ಎಂದರೆ ಅವನು ಕಲಿಯಲಿ ಎಂದು. ಹಿಂದೆ ಬರುವುದು ನಾಮಪದವಾಗಲಿ, ಕ್ರಿಯಾಪದವಾಗಲಿ, ಇಡೀ ಉಪವಾಕ್ಯವೇ ಆಗಲಿ, ಮುಂದೆ ನಿಲ್ಲುವುದು ಪಾರಾ. ಇಂಗ್ಲಿಷ್ ಕಲಿಯುವಾಗ ಪಾರಾ ಎಂಬುದಕ್ಕೆ ಅವರಿಗೆ ಮೊದಲು ಸಿಗುವ ಪದ ‘ಫಾರ್’. ಇಲ್ಲಿಂದ ಎರಡು ಬಗೆಯ ತಪ್ಪು ಹುಟ್ಟುತ್ತದೆ. ‘ಅಪ್ರೆಂದೆರ್’ ಎಂದರೆ ‘ಲರ್ನ್’ ಎಂದು ಕಲಿತವರು ‘ಫಾರ್ ಲರ್ನ್’ ಎನ್ನುತ್ತಾರೆ. ‘ಟು ಲರ್ನ್’ ಎಂದು ಬಾಯಿಪಾಠ ಮಾಡಿದವರು ‘ಫಾರ್ ಟು ಲರ್ನ್’ ಎನ್ನುತ್ತಾರೆ. ಎರಡರಲ್ಲೂ ಅಜಾಗರೂಕತೆ ಇಲ್ಲ. ಪದಕ್ಕೆ ಪದ ಇಟ್ಟು, ಲೆಕ್ಕ ತಪ್ಪದಂತೆ ಕಟ್ಟಿದ ವಾಕ್ಯಗಳವು.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ: 14ನೇ ಶತಮಾನದ ಇಂಗ್ಲಿಷ್‌ನಲ್ಲಿ ‘ಫಾರ್ ಟು’ ಸರಿಯಾದ ಬಳಕೆಯೇ ಆಗಿತ್ತು. ಐರ್ಲೆಂಡಿನ ಕೆಲವೆಡೆ, ವಿಶೇಷವಾಗಿ ಬೆಲ್‌ಫಾಸ್ಟ್‌ನ ಆಡುಮಾತಿನಲ್ಲಿ, ಅದು ಇಂದಿಗೂ ಕೇಳಿಬರುತ್ತದೆ. ಇಂದಿನ ಬರಹದ ಇಂಗ್ಲಿಷ್ ಅದನ್ನು ಬಿಟ್ಟಿದೆ, ಆದ್ದರಿಂದ ನಾವೂ ಬಿಡಬೇಕು. ತಾನು ಆಡಿದ್ದು ಮೂರ್ಖತನವಲ್ಲ ಎಂದು ತಿಳಿದ ವಯಸ್ಕ ವಿದ್ಯಾರ್ಥಿ ತಿದ್ದುಪಡಿಯನ್ನು ಮನಸ್ಸು ಮುದುಡಿಸಿಕೊಳ್ಳದೆ ತೆಗೆದುಕೊಳ್ಳುತ್ತಾನೆ. ದಿನವಿಡೀ ದುಡಿದು ಸಂಜೆ ಪಾಠಕ್ಕೆ ಬರುವವರಿಗೆ ಈ ಗೌರವ ಸಲ್ಲಲೇಬೇಕು.

ಅವರ ಬಾಯಲ್ಲಿ ಈಗಾಗಲೇ ಇರುವ ಸೇತುವೆಯಿಂದ ಆರಂಭಿಸಿ

‘ಉದ್ದೇಶಕ್ಕೆ ಟು ಬಳಸಿ’ ಎಂದು ಕಪ್ಪು ಹಲಗೆಯ ಮೇಲೆ ನಿಯಮ ಬರೆದರೆ ಅದು ಆ ಗಂಟೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಅದರ ಬದಲು ‘ಬೆಂಗೊ ಆ ಬೆರ್ತೆ’ ಎಂಬ ವಾಕ್ಯವನ್ನು ಅವರಿಂದಲೇ ಹೇಳಿಸಿ. ನಿನ್ನನ್ನು ನೋಡುವುದಕ್ಕೆ ಬಂದಿದ್ದೇನೆ ಎಂದು ಅರ್ಥ. ಇಲ್ಲಿ ಪಾರಾ ಇಲ್ಲ, ‘ಆ’ ಇದೆ. ಹೋಗು, ಬಾ ಎಂಬಂಥ ಚಲನೆಯ ಕ್ರಿಯಾಪದಗಳ ಜೊತೆ ಸ್ಪ್ಯಾನಿಷ್ ಉದ್ದೇಶವನ್ನು ಈ ‘ಆ’ ಮೂಲಕವೂ ಹೇಳುತ್ತದೆ. ಊರಿಗೆ ಹೋಗುವಾಗ ಬಳಸುವ ಅದೇ ‘ಆ’. ಇಂಗ್ಲಿಷ್‌ನ ‘ಟು’ ಕೂಡ ಹಾಗೆಯೇ. ಅಂಗಡಿಗೆ ಹೋಗುವುದಕ್ಕೂ ‘ಟು’, ಕೊಳ್ಳುವುದಕ್ಕೆ ಹೋಗುವುದಕ್ಕೂ ‘ಟು’. ನಮ್ಮಲ್ಲಿ ಊರಿಗೆ, ನೋಡುವುದಕ್ಕೆ ಎರಡರಲ್ಲೂ ಇರುವುದು ಒಂದೇ ಚತುರ್ಥಿ ವಿಭಕ್ತಿ. ದಿಕ್ಕು ತೋರುವ ಗುರುತೇ ಉದ್ದೇಶವನ್ನೂ ತೋರುವುದು ಮೂರೂ ಭಾಷೆಗಳಿಗೆ ಸಹಜ.

ಆದ್ದರಿಂದ ಮೊದಲ ದಿನ ‘ಐ ಕೇಮ್ ಟು ಸೀ ಯು’, ‘ಐ ವೆಂಟ್ ಟು ಬೈ ಬ್ರೆಡ್’ ಇಂಥವನ್ನೇ ಹತ್ತಾರು ಸಲ ಹೇಳಿಸಿ. ತಪ್ಪು ಕಡಿಮೆ ಬರುತ್ತದೆ. ಬಳಿಕ ಮೊದಲ ಕ್ರಿಯಾಪದವನ್ನು ಮಾತ್ರ ಬದಲಿಸಿ. ಬಂದೆ, ಹೋದೆ ಎಂಬಲ್ಲಿ ಫೋನ್ ಮಾಡಿದೆ, ಬರೆದೆ, ದುಡ್ಡು ಕೂಡಿಸಿದೆ ಎಂದು ಇಡಿ. ಇಲ್ಲಿ ಸ್ಪ್ಯಾನಿಷ್ ಪಾರಾಗೆ ಹೊರಳುತ್ತದೆ, ಇಂಗ್ಲಿಷ್ ಮಾತ್ರ ‘ಟು’ ಬಿಟ್ಟು ಕದಲುವುದಿಲ್ಲ. ಆ ಹೊರಳುವ ಜಾಗದಲ್ಲೇ ‘ಫಾರ್’ ನುಸುಳುತ್ತದೆ. ಎಲ್ಲಿ ನುಸುಳುತ್ತದೆ ಎಂದು ವಿದ್ಯಾರ್ಥಿಯೇ ಕಂಡುಕೊಂಡರೆ ಅರ್ಧ ಕೆಲಸ ಆದಂತೆ.

ಉಚ್ಚಾರಣೆಯ ಕಡೆಗೂ ಗಮನವಿರಲಿ. ವೇಗದ ಮಾತಿನಲ್ಲಿ ಇಂಗ್ಲಿಷರು, ಅಮೆರಿಕನ್ನರು ‘ಟು’ ಎಂದು ಪೂರ್ತಿ ಹೇಳುವುದಿಲ್ಲ. ಸ್ವರ ಸವೆದು ‘ಟ’ ಎಂಬಷ್ಟೇ ಉಳಿಯುತ್ತದೆ. ಹಾಗೆ ಸವೆದ ಸ್ವರ ಸ್ಪ್ಯಾನಿಷ್‌ನಲ್ಲಿ ಇಲ್ಲ. ಅದರ ಐದೂ ಸ್ವರಗಳು ಎಲ್ಲೆಡೆ ಸ್ಪಷ್ಟ. ಹೀಗಾಗಿ ಸುತ್ತಲಿನವರು ದಿನಕ್ಕೆ ನೂರು ಸಲ ‘ಟು’ ಎಂದರೂ ಕಲಿಯುವವರ ಕಿವಿಗೆ ಅದು ಬಿದ್ದಿರುವುದಿಲ್ಲ. ಧ್ವನಿಮುದ್ರಣ ಹಾಕಿ ‘ಟು’ ಕೇಳಿದಾಗಲೆಲ್ಲ ಮೇಜು ತಟ್ಟಲು ಹೇಳುವ ಸಣ್ಣ ಅಭ್ಯಾಸ ಬಹಳ ಫಲ ಕೊಡುತ್ತದೆ.

ಮುಂದಿರುವುದು ವಸ್ತುವೇ, ಕೆಲಸವೇ?

‘ಫಾರ್’ ಎಂಬುದನ್ನು ಪೂರ್ತಿ ಓಡಿಸಿಬಿಡಬಾರದು. ನಾಮಪದದ ಮುಂದೆ ಅದಕ್ಕೆ ನ್ಯಾಯವಾದ ಜಾಗವಿದೆ. ‘ಐ ವೆಂಟ್ ಟು ದ ಸ್ಟೋರ್ ಫಾರ್ ಬ್ರೆಡ್’ ಸರಿ. ‘ಐ ವೆಂಟ್ ಟು ದ ಸ್ಟೋರ್ ಟು ಬೈ ಬ್ರೆಡ್’ ಕೂಡ ಸರಿ. ವಸ್ತುವಿದ್ದರೆ ‘ಫಾರ್’, ಕೆಲಸವಿದ್ದರೆ ‘ಟು’. ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ.

ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ತೊಡಕು ಬೇರೆಯಿದೆ. ಇಂಗ್ಲಿಷ್‌ನಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಎಷ್ಟೋ ಕಡೆ ಒಂದೇ ರೂಪ. ‘ವರ್ಕ್’, ‘ಹೆಲ್ಪ್’, ‘ವಾಕ್’, ‘ಚೇಂಜ್’ ಎಲ್ಲವೂ ಎರಡೂ ಹೌದು. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಮೂಲರೂಪ ಆರ್, ಎರ್, ಈರ್ ಎಂದೇ ಮುಗಿಯುತ್ತದೆ. ನೋಡಿದ ಕೂಡಲೇ ಗುರುತು ಸಿಗುತ್ತದೆ. ‘ಐ ಕೇಮ್ ಫಾರ್ ವರ್ಕ್’ ಎಂಬ ಸರಿಯಾದ ವಾಕ್ಯವನ್ನು ಎಲ್ಲೋ ಕೇಳಿದವರು ‘ಫಾರ್’ ನಂತರ ಕ್ರಿಯಾಪದ ಬರಬಹುದು ಎಂದು ತೀರ್ಮಾನಿಸಿ ‘ಫಾರ್ ಲರ್ನ್’, ‘ಫಾರ್ ಲಿವ್’ ಎಂದು ಮುಂದುವರಿದರೆ ತಪ್ಪು ಯಾರದು? ಇದನ್ನು ಬಿಡಿಸಲು ಒಂದು ಪರೀಕ್ಷೆ ಸಾಕು. ಆ ಪದದ ಮುಂದೆ ‘ಎ’, ‘ದ’, ‘ಮೈ’, ‘ಸಮ್’ ಇವುಗಳಲ್ಲಿ ಯಾವುದಾದರೂ ಒಂದನ್ನು ಇಟ್ಟು ನೋಡಬೇಕು. ‘ಫಾರ್ ಎ ವಾಕ್’, ‘ಫಾರ್ ಸಮ್ ಹೆಲ್ಪ್’ ಕೂಡುತ್ತವೆ. ‘ಫಾರ್ ಎ ಲಿವ್’ ಕೂಡುವುದಿಲ್ಲ. ಕೂಡದಿದ್ದರೆ ಅಲ್ಲಿ ‘ಟು’ ಬೇಕು. ಇನ್ನೊಂದು ದಾರಿಯೂ ಇದೆ: ತಮ್ಮ ಭಾಷೆಯಲ್ಲಿ ಆ ಜಾಗಕ್ಕೆ ಬರುವ ಪದ ಆರ್, ಎರ್, ಈರ್‌ನಲ್ಲಿ ಮುಗಿದರೆ ಇಂಗ್ಲಿಷ್‌ನಲ್ಲಿ ‘ಟು’ ಎಂದು ಅವರು ತಾವೇ ಪರೀಕ್ಷಿಸಿಕೊಳ್ಳಬಹುದು. ಇದು ಬಲು ಬೇಗ ರೂಢಿಯಾಗುತ್ತದೆ.

‘ಫಾರ್’ ಮತ್ತು ‘ಇಂಗ್’: ಎಲ್ಲಿ ಸಲ್ಲುತ್ತದೆ?

ಸ್ವಲ್ಪ ಮುಂದುವರಿದವರು ‘ಫಾರ್ ಲರ್ನ್’ ಬಿಟ್ಟು ‘ಐ ಕೇಮ್ ಫಾರ್ ಲರ್ನಿಂಗ್ ಇಂಗ್ಲಿಷ್’ ಎನ್ನತೊಡಗುತ್ತಾರೆ. ಈ ವಾಕ್ಯ ನಮ್ಮಲ್ಲೂ ಅನೇಕರಿಗೆ ತಪ್ಪೆನಿಸುವುದಿಲ್ಲ. ‘ಓದುವುದಕ್ಕಾಗಿ ಬಂದೆ’ ಎಂಬುದರ ನೆರಳಲ್ಲಿ ‘ಐ ಕೇಮ್ ಫಾರ್ ಸ್ಟಡಿಯಿಂಗ್’ ಎಂದು ಕನ್ನಡಿಗರೂ ಹೇಳುತ್ತಾರೆ. ಆದ್ದರಿಂದ ಕಲಿಸುವವರು ಇಲ್ಲಿ ತಮ್ಮ ಕಿವಿಯನ್ನು ಪೂರ್ತಿ ನಂಬಬಾರದು.

ಒಬ್ಬ ವ್ಯಕ್ತಿ ಒಂದು ಕೆಲಸವನ್ನು ಯಾವ ಉದ್ದೇಶದಿಂದ ಮಾಡಿದ ಎನ್ನುವಾಗ ‘ಫಾರ್’ ಜೊತೆ ‘ಇಂಗ್’ ಬರುವುದಿಲ್ಲ. ಅದು ಬರುವುದು ಎರಡು ಕಡೆ. ಒಂದು, ವಸ್ತುವಿನ ಉಪಯೋಗ ಹೇಳುವಾಗ: ‘ದಿಸ್ ನೈಫ್ ಈಸ್ ಫಾರ್ ಕಟಿಂಗ್ ಬ್ರೆಡ್’. ಚಾಕು ಇರುವುದೇ ಬ್ರೆಡ್ ಕತ್ತರಿಸುವುದಕ್ಕೆ. ಅದೇ ಚಾಕುವನ್ನು ನಾನು ಕೈಗೆತ್ತಿಕೊಂಡರೆ ‘ಐ ಟುಕ್ ದ ನೈಫ್ ಟು ಕಟ್ ದ ಬ್ರೆಡ್’. ವಸ್ತುವಿನ ಸ್ವಭಾವ ಒಂದೆಡೆ, ನನ್ನ ಇರಾದೆ ಇನ್ನೊಂದೆಡೆ. ತರಗತಿಗೆ ಅಡುಗೆಮನೆಯ ನಾಲ್ಕು ಸಾಮಾನು ಒಯ್ದು ಮೇಜಿನ ಮೇಲಿಟ್ಟು, ಮೊದಲು ಅದು ಯಾವುದಕ್ಕೆ ಎಂದು ಕೇಳಿ, ಆಮೇಲೆ ಒಬ್ಬರ ಕೈಗೆ ಕೊಟ್ಟು ಅವರು ಅದನ್ನು ಏಕೆ ತೆಗೆದುಕೊಂಡರು ಎಂದು ಕೇಳಿದರೆ ವಿವರಣೆಯೇ ಬೇಕಾಗುವುದಿಲ್ಲ.

ಇನ್ನೊಂದು, ನಡೆದುಹೋದದ್ದರ ಕಾರಣ ಹೇಳುವಾಗ: ‘ಥ್ಯಾಂಕ್ ಯು ಫಾರ್ ಕಮಿಂಗ್’, ‘ಹಿ ವಾಸ್ ಫೈನ್ಡ್ ಫಾರ್ ಡ್ರೈವಿಂಗ್ ಟೂ ಫಾಸ್ಟ್’. ಇಲ್ಲಿ ಸ್ಪ್ಯಾನಿಷ್‌ನಲ್ಲಿ ಪಾರಾ ಇಲ್ಲ, ‘ಪೋರ್’ ಇದೆ: ‘ಗ್ರಾಸ್ಯಾಸ್ ಪೋರ್ ಬೆನೀರ್’. ಪೋರ್ ಹಿಂದಿನ ಕಾರಣದತ್ತ ನೋಡುತ್ತದೆ, ಪಾರಾ ಮುಂದಿನ ಗುರಿಯತ್ತ. ಇಂಗ್ಲಿಷ್‌ನ ‘ಫಾರ್’ ಇವೆರಡರ ಜಾಗದಲ್ಲೂ ನಿಲ್ಲುವುದರಿಂದಲೇ ಇಷ್ಟೆಲ್ಲ ಗೊಂದಲ. ಆದ್ದರಿಂದ ‘ಪೋರ್ ಆದರೆ ಫಾರ್ ಜೊತೆ ಇಂಗ್; ಪಾರಾ ಆದರೆ ಟು’ ಎಂಬ ಸೂತ್ರವನ್ನು ಕ್ರಿಯಾಪದಗಳ ಮಟ್ಟಿಗೆ ಅವರಿಗೆ ಧೈರ್ಯವಾಗಿ ಕೊಡಬಹುದು. ಬಹುಪಾಲು ವಾಕ್ಯಗಳಿಗೆ ಅದು ಹೊಂದುತ್ತದೆ.

ಪ್ರಶ್ನೆಯ ರೂಪವನ್ನೂ ಇದೇ ಹೊತ್ತಿಗೆ ಹೇಳಿಕೊಡಿ. ‘ಪಾರಾ ಕೇ ಸಿರ್ಬೆ?’ (ಇದು ಯಾವುದಕ್ಕೆ?) ಎಂಬುದನ್ನು ಅವರು ‘ಫಾರ್ ವಾಟ್ ಈಸ್ ಇಟ್?’ ಎಂದು ಮಾಡುತ್ತಾರೆ, ಏಕೆಂದರೆ ಸ್ಪ್ಯಾನಿಷ್ ವಾಕ್ಯ ಪಾರಾ, ಪೋರ್‌ಗಳನ್ನು ಕೊನೆಯಲ್ಲಿ ಒಂಟಿಯಾಗಿ ಬಿಡಲು ಒಪ್ಪುವುದಿಲ್ಲ. ಇಂಗ್ಲಿಷ್ ಒಪ್ಪುತ್ತದೆ: ‘ವಾಟ್ ಈಸ್ ಇಟ್ ಫಾರ್?’ ವಿವರಣೆಗಿಂತ ಬಾಯಿಪಾಠ ಇಲ್ಲಿ ವಾಸಿ.

ಎರಡನೆಯ ಕೆಲಸ ಮಾಡುವವರು ಯಾರು?

ಪಾಠದ ತಿರುಳು ಇಲ್ಲಿದೆ, ಕನ್ನಡ ನಿಜವಾಗಿ ನೆರವಿಗೆ ಬರುವುದೂ ಇಲ್ಲಿ.

‘ಇಂಗ್ಲಿಷ್ ಕಲಿಯಲು ಬಂದೆ.’ ಬಂದವನೂ ನಾನೇ, ಕಲಿಯುವವನೂ ನಾನೇ. ‘ಅವನಿಗೆ ಅರ್ಥವಾಗಲಿ ಎಂದು ನಿಧಾನವಾಗಿ ಮಾತಾಡಿದೆ.’ ಮಾತಾಡಿದವನು ನಾನು, ಅರ್ಥವಾಗಬೇಕಾದದ್ದು ಅವನಿಗೆ. ಕರ್ತೃ ಬದಲಾದಾಗ ಕನ್ನಡ ಸಾಮಾನ್ಯವಾಗಿ ‘ಲು’ ಬಿಟ್ಟು ‘ಲಿ ಎಂದು’ ಹಿಡಿಯುತ್ತದೆ. ಸ್ಪ್ಯಾನಿಷ್ ಕೂಡ ಹಾಗೆಯೇ ‘ಪಾರಾ’ ಬಿಟ್ಟು ‘ಪಾರಾ ಕೆ’ ಹಿಡಿಯುತ್ತದೆ, ಕ್ರಿಯಾಪದವನ್ನೂ ಬಯಕೆ ಸೂಚಿಸುವ ಬೇರೆ ರೂಪಕ್ಕೆ ತಿರುಗಿಸುತ್ತದೆ: ‘ಪಾರಾ ಕೆ ಎಂತ್ಯೆಂದಾ’. ನಮ್ಮ ‘ಆಗಲಿ’ ಮಾಡುವ ಕೆಲಸವನ್ನೇ ಆ ರೂಪ ಮಾಡುತ್ತದೆ. ಇದು ಅವರಿಗೆ ಹುಟ್ಟಿನಿಂದ ಬಂದ ಅರಿವು. ಆದ್ದರಿಂದ ಇಂಗ್ಲಿಷ್ ಪಾಠದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎರಡನೆಯ ಕೆಲಸ ಯಾರದು?’ ಎಂಬುದು. ಅವರದ್ದೇ ಆದರೆ ‘ಟು’. ಬೇರೆಯವರದಾದರೆ ‘ಸೋ ದಟ್’.

‘ಸೋ ದಟ್’ ಹಿಡಿದ ಮೇಲೆ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಕರ್ತೃವನ್ನೇ ಬಿಡುವುದು. ಸ್ಪ್ಯಾನಿಷ್ ಕ್ರಿಯಾಪದದ ತುದಿಯೇ ಯಾರೆಂದು ಸೂಚಿಸುವುದರಿಂದ ಸರ್ವನಾಮ ಬೇಕಿಲ್ಲ. ಹಾಗಾಗಿ ‘ಸೋ ದಟ್ ಅಂಡರ್‌ಸ್ಟ್ಯಾಂಡ್’ ಎಂದು ಬರುತ್ತದೆ. ‘ಬಂದೆ’ ಎಂದರೆ ‘ನಾನು’ ಬೇಕಿಲ್ಲದ ನಮಗೆ ಇದು ತಕ್ಷಣ ಅರ್ಥವಾಗಬೇಕು. ಎರಡನೆಯದು, ‘ಕ್ಯಾನ್’, ‘ವಿಲ್’ ಮುಂತಾದ ಸಹಾಯಕ ಪದ ಬಿಡುವುದು. ಸ್ಪ್ಯಾನಿಷ್‌ನ ಆ ವಿಶೇಷ ಕ್ರಿಯಾರೂಪ ಇಂಗ್ಲಿಷ್‌ನಲ್ಲಿ ಇಲ್ಲ. ಅದರ ಹೊಣೆ ಬಹುಮಟ್ಟಿಗೆ ಈ ಸಹಾಯಕ ಪದಗಳ ಮೇಲೆ ಬೀಳುತ್ತದೆ. ಮೂರನೆಯದು ಕಾಲ. ‘ಐ ಸ್ಪೀಕ್ ಸ್ಲೋಲಿ ಸೋ ದಟ್ ಹಿ ಕ್ಯಾನ್ ಅಂಡರ್‌ಸ್ಟ್ಯಾಂಡ್’, ಆದರೆ ‘ಐ ಸ್ಪೋಕ್ ಸ್ಲೋಲಿ ಸೋ ದಟ್ ಹಿ ಕುಡ್ ಅಂಡರ್‌ಸ್ಟ್ಯಾಂಡ್’. ಈ ಮೂರನೆಯದು ಅವರಿಗೆ ಹೊಸತಲ್ಲ. ಮೊದಲ ಕ್ರಿಯೆ ಭೂತಕಾಲದಲ್ಲಿದ್ದರೆ ಅವರಲ್ಲೂ ‘ಎಂತ್ಯೆಂದಾ’ ಹೋಗಿ ‘ಎಂತೆಂದ್ಯೆರಾ’ ಬರುತ್ತದೆ. ಅದನ್ನು ನೆನಪಿಸಿ, ‘ಎಂತ್ಯೆಂದಾ ಇದ್ದಲ್ಲಿ ಕ್ಯಾನ್ ಅಥವಾ ವಿಲ್, ಎಂತೆಂದ್ಯೆರಾ ಇದ್ದಲ್ಲಿ ಕುಡ್ ಅಥವಾ ವುಡ್’ ಎಂದು ಜೋಡಿಸಿ ಕೊಟ್ಟರೆ ಅವರ ಮುಖ ಅರಳುವುದನ್ನು ನೋಡಬಹುದು.

ಕರ್ತೃ ಬೇರೆಯಾದಾಗ ಇಂಗ್ಲಿಷ್‌ನಲ್ಲಿ ಇನ್ನೊಂದು ದಾರಿಯೂ ಇದೆ. ‘ಐ ಬ್ರಾಟ್ ಸಮ್ ಬುಕ್ಸ್ ಫಾರ್ ದ ಚಿಲ್ಡ್ರನ್ ಟು ರೀಡ್.’ ಇಲ್ಲಿ ‘ಫಾರ್’ ಮತ್ತು ‘ಟು’ ಎರಡೂ ಇವೆ, ನಡುವೆ ಓದುವವರು ಇದ್ದಾರೆ. ‘ಫಾರ್ ಟು’ ಕೂಡದು ಎಂದು ಆಗಷ್ಟೇ ಕಲಿತವರು ಇದನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ. ಕೆಲವು ವಾರ ಬಿಟ್ಟು ಕಲಿಸಿ. ಕಲಿಸುವಾಗ ಕೊನೆಯ ಪದವನ್ನು ಗಮನಿಸಿ. ಸ್ಪ್ಯಾನಿಷ್ ಇಲ್ಲಿ ‘ಅವನ್ನು ಓದಲಿ ಎಂದು’ ಎಂಬಂತೆ ಕರ್ಮವನ್ನು ಮತ್ತೆ ಹೇಳುತ್ತದೆ. ಅದರಿಂದ ‘ಟು ರೀಡ್ ದೆಮ್’ ಎಂದು ‘ದೆಮ್’ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಇಂಗ್ಲಿಷ್‌ಗೆ ಇಲ್ಲಿ ಅದು ಬೇಡ. ಕನ್ನಡದಲ್ಲಿ ‘ಮಕ್ಕಳು ಓದಲು ಪುಸ್ತಕ ತಂದೆ’ ಎಂದರೆ ಸಾಕು, ‘ಮಕ್ಕಳು ಅವನ್ನು ಓದಲು’ ಎನ್ನುವುದಿಲ್ಲ. ಈ ಒಂದು ರಚನೆಯಲ್ಲಿ ಕನ್ನಡವೂ ಇಂಗ್ಲಿಷೂ ಒಂದು ಕಡೆ, ಸ್ಪ್ಯಾನಿಷ್ ಇನ್ನೊಂದು ಕಡೆ. ಅಂದರೆ ಕಲಿಸುವ ಕನ್ನಡಿಗರಿಗೆ ಸರಿಯಾದ ರೂಪ ತಾನಾಗಿ ಹೊಳೆಯುತ್ತದೆ, ವಿದ್ಯಾರ್ಥಿಗೆ ಏಕೆ ಹೊಳೆಯುತ್ತಿಲ್ಲ ಎಂಬುದು ಮಾತ್ರ ಯೋಚಿಸಿದರೆ ತಿಳಿಯುತ್ತದೆ.

ಹಾಗಾಗದಿರಲಿ ಎನ್ನುವಾಗ

ಏನಾದರೂ ಆಗದಿರಲೆಂದು ಹೇಳುವ ‘ಪಾರಾ ನೋ’ ಎಂಬುದು ‘ಫಾರ್ ನೋ ಬಿ ಲೇಟ್’ ಅಥವಾ ‘ಫಾರ್ ಡೋಂಟ್ ಬಿ ಲೇಟ್’ ಆಗಿ ಹೊರಬರುತ್ತದೆ. ‘ಟು’ ಮುಂದೆ ‘ನಾಟ್’ ಹಾಕಿ ‘ಐ ಲೆಫ್ಟ್ ಅರ್ಲಿ ನಾಟ್ ಟು ಬಿ ಲೇಟ್’ ಎಂದರೂ ಕಿವಿಗೆ ಸರಿಹೋಗುವುದಿಲ್ಲ. ಇಲ್ಲಿ ಇಂಗ್ಲಿಷ್‌ಗೆ ಉದ್ದದ ರೂಪವೇ ಹಿತ: ‘ಸೋ ಆ್ಯಸ್ ನಾಟ್ ಟು ಬಿ ಲೇಟ್’ ಅಥವಾ ‘ಇನ್ ಆರ್ಡರ್ ನಾಟ್ ಟು ಬಿ ಲೇಟ್’. ಮಾತಿನಲ್ಲಿ ಇವು ಭಾರವೆನಿಸಿದರೆ ‘ಸೋ ಐ ವುಡಂಟ್ ಬಿ ಲೇಟ್’ ಎಂದು ಕಲಿಸಿ. ದಿನಬಳಕೆಗೆ ಇದೇ ಹಗುರ. ‘ಪಾರಾ ಎಬಿತಾರ್’ (ತಪ್ಪಿಸಲು) ಎನ್ನುವ ಅಭ್ಯಾಸ ಅವರಿಗಿದ್ದರೆ ‘ಟು ಅವಾಯ್ಡ್ ಬೀಯಿಂಗ್ ಲೇಟ್’ ಕೂಡ ಕೊಡಬಹುದು. ‘ಅವಾಯ್ಡ್’ ನಂತರ ‘ಇಂಗ್’ ಬರುತ್ತದೆಂದು ಒತ್ತಿ ಹೇಳಬೇಕಷ್ಟೇ.

ಮಳೆ ಬಂದರೆ ಇರಲಿ ಎಂದು ಕೊಡೆ ಹಿಡಿಯುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಪೋರ್ ಸಿ’ ಎನ್ನುತ್ತಾರೆ. ಅದು ‘ಫಾರ್ ಇಫ್ ಇಟ್ ರೇನ್ಸ್’ ಆಗಿಬಿಡುತ್ತದೆ. ಬೇಕಾದದ್ದು ‘ಇನ್ ಕೇಸ್ ಇಟ್ ರೇನ್ಸ್’. ಒಂದೇ ಪದಪುಂಜವೆಂದು ನೆನಪಿಟ್ಟುಕೊಳ್ಳಲು ಹೇಳಿ ಮುಂದೆ ಸಾಗಿ.

‘ಇನ್ ಆರ್ಡರ್ ಟು’ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಮೊದಲ ಹಂತದಲ್ಲಿ ಅದನ್ನು ಕಲಿಸಬೇಡಿ. ಸ್ಪ್ಯಾನಿಷ್‌ನ ಔಪಚಾರಿಕ ಬರಹದಲ್ಲಿ ‘ಕೊನ್ ಎಲ್ ಫಿನ್ ದೆ’ (ಎಂಬ ಉದ್ದೇಶದಿಂದ) ಎಂಬಂಥ ಉದ್ದನೆಯ ಪ್ರಯೋಗಗಳು ಸಹಜವಾದ್ದರಿಂದ ಅವರು ಇದನ್ನು ಕಂಡೊಡನೆ ಅಪ್ಪಿಕೊಂಡು ಪ್ರತಿ ವಾಕ್ಯದಲ್ಲೂ ಬಳಸುತ್ತಾರೆ. ಅರ್ಜಿ, ವರದಿಗಳಿಗೆ ಅದು ಸಲ್ಲುತ್ತದೆ. ಅಂಗಡಿಗೆ ಹೋದ ಕಥೆಗೆ ಬೇಡ. ಕೇಂಬ್ರಿಜ್‌ನ ಬಿ2 ಫಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂರುವವರಿಗೆ ಮಾತ್ರ ಎಲ್ಲ ರೂಪಗಳೂ ಬೇಕು. ಅಲ್ಲಿ ಕೊಟ್ಟ ಪದವನ್ನು ಬದಲಿಸದೆ, ಅದೂ ಸೇರಿದಂತೆ 2ರಿಂದ 5 ಪದಗಳಲ್ಲಿ ವಾಕ್ಯವನ್ನು ಬೇರೆ ರೀತಿ ಬರೆಯುವ ಪ್ರಶ್ನೆಗಳಿರುತ್ತವೆ. ‘ಟು’ ಇದ್ದದ್ದನ್ನು ‘ಸೋ ದಟ್’ಗೆ, ‘ಸೋ ದಟ್’ ಇದ್ದದ್ದನ್ನು ‘ಸೋ ಆ್ಯಸ್ ನಾಟ್ ಟು’ಗೆ ತಿರುಗಿಸುವ ಅಭ್ಯಾಸ ಅಲ್ಲಿ ಕೈಹಿಡಿಯುತ್ತದೆ.

ಬಾಯಿಗೆ ಬರುವವರೆಗೆ

ವ್ಯಾಕರಣದ ಹಾಳೆ ತುಂಬಿಸುವುದಕ್ಕಿಂತ ವಿದ್ಯಾರ್ಥಿಯ ದಿನಚರಿಯಿಂದ ನಾಲ್ಕು ಆರಂಭಗಳನ್ನು ಆರಿಸಿಕೊಳ್ಳಿ: ‘ಐ ಆ್ಯಮ್ ಕಾಲಿಂಗ್ ಟು’, ‘ಐ ಆ್ಯಮ್ ಹಿಯರ್ ಟು’, ‘ಐ ಆ್ಯಮ್ ರೈಟಿಂಗ್ ಟು’, ‘ಐ ನೀಡ್ ದಿಸ್ ಟು’. ‘ಟು’ವನ್ನು ಆರಂಭದ ಭಾಗವಾಗಿಯೇ ಕಲಿತರೆ ನಡುವೆ ‘ಫಾರ್’ ನುಗ್ಗಲು ಸಂದಿಯೇ ಇರುವುದಿಲ್ಲ. ಒಬ್ಬರು ಆಸ್ಪತ್ರೆಯ ಸಿಬ್ಬಂದಿ, ಇನ್ನೊಬ್ಬರು ರೋಗಿ ಎಂದು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ ಫೋನ್ ಸಂಭಾಷಣೆ ಮಾಡಿಸಿ. ಮುಖ ಕಾಣದಿದ್ದಾಗ ಕೈಸನ್ನೆ ನೆರವಿಗೆ ಬರುವುದಿಲ್ಲ, ವಾಕ್ಯವೇ ಕೆಲಸ ಮಾಡಬೇಕಾಗುತ್ತದೆ.

ಈ ಸಂಭಾಷಣೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ‘ಐ ಆ್ಯಮ್ ಕಾಲಿಂಗ್ ಟು ನೋ ಇಫ್ ದ ಡಾಕ್ಟರ್ ಈಸ್ ಇನ್.’ ‘ಟು’ ಸರಿಯಾಗಿಯೇ ಬಂದಿದೆ, ಆದರೂ ವಾಕ್ಯ ಒಡ್ಡೊಡ್ಡಾಗಿದೆ. ಸ್ಪ್ಯಾನಿಷ್‌ನ ‘ಸಬೇರ್’ ಎಂಬ ಒಂದೇ ಪದ ತಿಳಿದಿರುವುದಕ್ಕೂ ತಿಳಿದುಕೊಳ್ಳುವುದಕ್ಕೂ ಆಗುತ್ತದೆ. ‘ನೋ’ ಎಂಬುದು ತಿಳಿದಿರುವ ಸ್ಥಿತಿಯನ್ನು ಹೇಳುತ್ತದೆ. ತಿಳಿದುಕೊಳ್ಳಲು ಫೋನ್ ಮಾಡಿದರೆ ‘ಟು ಫೈಂಡ್ ಔಟ್ ಇಫ್’ ಅಥವಾ ‘ಟು ಆಸ್ಕ್ ಇಫ್’ ಎನ್ನಬೇಕು.

ತಿದ್ದುವ ಕ್ರಮದಲ್ಲಿ ತಾಳ್ಮೆ ಇರಲಿ. ವಿದ್ಯಾರ್ಥಿ ತನ್ನ ಮಗಳ ಜ್ವರದ ವಿಷಯ ಹೇಳುತ್ತಿರುವಾಗ ಮಾತು ತಡೆದು ‘ಫಾರ್ ಅಲ್ಲ, ಟು’ ಎನ್ನುವುದು ಸಲ್ಲದು. ‘ಓ, ಯು ಕಾಲ್ಡ್ ಟು ಆಸ್ಕ್ ಅಬೌಟ್ ದ ಮೆಡಿಸಿನ್’ ಎಂದು ಸರಿಯಾದ ರೂಪವನ್ನೇ ಮರುಮಾತಾಗಿ ಆಡಿ. ಅಭ್ಯಾಸದ ಹೊತ್ತಿನಲ್ಲಿ ಮಾತ್ರ ನೇರವಾಗಿ ತಿದ್ದಿ, ಅದೂ ಒಂದು ಹೊತ್ತಿಗೆ ಒಂದೇ ತಪ್ಪನ್ನು. ಮೊದಲು ‘ಫಾರ್ ಲರ್ನ್’, ‘ಫಾರ್ ಟು ಲರ್ನ್’ ಹೋಗಲಿ. ಆಮೇಲೆ ‘ಸೋ ದಟ್’ ನಂತರದ ಕರ್ತೃ ಬರಲಿ, ನಂತರ ‘ಕ್ಯಾನ್’, ‘ಕುಡ್’. ‘ಟು ನಾಟ್ ಬಿ ಲೇಟ್’ ಎಂದು ಯಾರಾದರೂ ಹೇಳಿದರೆ ಬಿಟ್ಟುಬಿಡಿ; ಇಂಗ್ಲಿಷ್ ಮಾತೃಭಾಷೆಯ ಅಮೆರಿಕನ್ನರೂ ಮಾತಿನಲ್ಲಿ ಹಾಗೆ ಹೇಳುತ್ತಾರೆ.